ಸ್ವಂತ ಕಸುಬೂ ಸಂಬಳದ ಕೆಲಸವೂ



ಶಾಲೆಯನ್ನು ಬಿಟ್ಟುಹೋಗುವ ಹುಡುಗಿಯರು ನಮ್ಮನ್ನು ಕೇಳುವುದುಂಟು: "ಅಮ್ಮನವರೇ, ಸಂಬಳದ ಕೆಲಸವನ್ನು ಹುಡುಕೋಣವೋ, ಸ್ವಂತ ಕಸುಬನ್ನು ಹಿಡಿಯೋಣವೋ?" ಉತ್ತರ ಹೇಳುವುದಕ್ಕೆ ಮುಂಚೆ ಲೋಕದ ಲೆಕ್ಕವನ್ನು ಸ್ವಲ್ಪ ನೋಡೋಣ.

ಭಾರತ ಸರ್ಕಾರದ 2023-24ರ ಶ್ರಮಬಲ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು 58 ಮಂದಿ ಸ್ವೋದ್ಯೋಗಿಗಳು. ಜರ್ಮನಿ, ಅಮೆರಿಕಾ ದೇಶಗಳಲ್ಲಿ ಇವರು ನೂರಕ್ಕೆ 10ಕ್ಕಿಂತ ಕಡಿಮೆ. ಗ್ರೀಸ್ ದೇಶದಲ್ಲಿ 25ಕ್ಕಿಂತ ಹೆಚ್ಚು. ಹಾಗಾದರೆ ನಾವು ಜರ್ಮನರಿಗಿಂತ ಹೆಚ್ಚು ಸಾಹಸಿಗಳೇ? ಹಾಗೆಂದು ಆತುರದಿಂದ ತೀರ್ಮಾನಿಸಬಾರದು.

ಮೊದಲನೆಯ ಕಾರಣವು ಬೇಸಾಯ. ತನ್ನ ಹೊಲವನ್ನು ತಾನೇ ಉಳುವ ರೈತನು ಸ್ವೋದ್ಯೋಗಿಯೇ. ರೈತರು ಹೆಚ್ಚಾಗಿರುವ ದೇಶದಲ್ಲಿ ಈ ಸಂಖ್ಯೆಯೂ ಹೆಚ್ಚುವುದು. ಎರಡನೆಯದು ಉದ್ಯಮಗಳ ಗಾತ್ರ. ಜರ್ಮನಿಯಲ್ಲಿ ದೊಡ್ಡ ಕಾರ್ಖಾನೆಗಳು ಬಹುಮಂದಿಗೆ ಸಂಬಳ ಕೊಡುತ್ತವೆ. ಗ್ರೀಸಿನಲ್ಲಿ ಮನೆಮಂದಿಯೇ ನಡೆಸುವ ಅಂಗಡಿ, ವಸತಿಗೃಹಗಳು ಬಹಳ. ಮೂರನೆಯದು ಆಸರೆ. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಕೆಲವು ಕಾಲ ವಿಮೆಯ ಹಣ ದೊರೆಯುತ್ತದೆ. ಅಂಥ ಆಸರೆಯಿಲ್ಲದ ಬಡವನು ಒಂದು ದಿನವೂ ಸುಮ್ಮನೆ ಕುಳಿತಿರಲಾರನು, ತಳ್ಳುಗಾಡಿಯನ್ನಾದರೂ ಹಿಡಿಯಲೇಬೇಕು.

ನಮ್ಮ ನೆರೆಯಲ್ಲಿಯೇ ಇದನ್ನು ನೋಡಬಹುದು. ಪೀಣ್ಯದಲ್ಲಿ, ದೊಡ್ಡ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವನೊಬ್ಬನು ಬಾಡಿಗೆಯ ಶೆಡ್ಡಿನಲ್ಲಿ ಲೇತ್ ಯಂತ್ರವನ್ನಿಟ್ಟು, ಇತರರಿಗೆ ಬಿಡಿಭಾಗಗಳನ್ನು ಮಾಡಿಕೊಡುತ್ತಾನೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಾಗಿಲ ಒಳಗಿನವರಿಗೆ ತಿಂಗಳ ಸಂಬಳ. ಬಾಗಿಲ ಹೊರಗೆ ಗಾಡಿಯಲ್ಲಿ ಇಡ್ಲಿ ಮಾರುವ ತಾಯಿಗೆ ಅಂದಿನ ವ್ಯಾಪಾರವೇ ಗತಿ. ಲೇತಿನವನು ತನ್ನ ದಾರಿಯನ್ನು ಆರಿಸಿಕೊಂಡನು. ಆ ತಾಯಿಗೆ ಬೇರೆ ದಾರಿ ಇತ್ತೋ ಇಲ್ಲವೋ! ಆದರೂ ಇಬ್ಬರೂ ಲೆಕ್ಕದಲ್ಲಿ ಒಂದೇ.

ಇನ್ನೊಂದು ಮಾತು ನಿಮಗೆ ಬಹಳ ಹತ್ತಿರದ್ದು. ಅಮ್ಮನು ಹೊಲಿದ ರವಿಕೆಗೆ ಗುಂಡಿ ಹಚ್ಚುತ್ತ, ಒಂದು ಕಾಸಿನ ಕೂಲಿಯನ್ನೂ ಪಡೆಯದೆ ದಿನವೆಲ್ಲ ದುಡಿಯುವ ಮಗಳೂ ಸ್ವೋದ್ಯೋಗಿಯೆಂದೇ ಎಣಿಸಲ್ಪಡುತ್ತಾಳೆ. ಅದೇ ಸಮೀಕ್ಷೆಯಂತೆ, ದುಡಿಯುವ ನಮ್ಮ ಹೆಂಗಸರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಹೀಗೆ ಮನೆಯ ಕಸುಬಿಗೆ ಸಂಬಳವಿಲ್ಲದೆ ನೆರವಾಗುವವರು.

ಆದುದರಿಂದ ಹೆಸರಿಗೆ ಮರುಳಾಗಬೇಡಿರಿ. ಯಾವ ಕೆಲಸವನ್ನು ಹಿಡಿಯುವಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದಕ್ಕೆ ತಕ್ಕ ವಿದ್ಯೆ ನನ್ನ ಕೈಯಲ್ಲಿದೆಯೆ? ದುಡಿದ ಹಣ ನನ್ನ ಕೈಗೆ ಬರುವುದೆ? ಬೇಡವೆನಿಸಿದರೆ ಬಿಡುವ ಸ್ವಾತಂತ್ರ್ಯ ನನಗುಂಟೆ? ಮೂರಕ್ಕೂ ಹೌದೆನ್ನಬಲ್ಲವಳು ಸಂಬಳಕ್ಕೆ ದುಡಿದರೂ ಒಡತಿಯೇ. ಹೌದೆನ್ನಲಾರದವಳು ಸ್ವಂತ ಅಂಗಡಿಯಲ್ಲಿ ಕುಳಿತಿದ್ದರೂ ಪರಾಧೀನಳೇ.