ರೊಟ್ಟಿ ಬಿಟ್ಟವಳನ್ನು ಉಂಡಿ ಡಬ್ಬಿ ಕರೆಯುವುದೇಕೆ?

ಪ್ರಶ್ನೆ: ಡಿಗ್ರಿ ಓದಲು ದಿನಾ ನರಗುಂದಕ್ಕೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಕ್ಕನ ಮದುವೆ ಫೋಟೊ ನೋಡಿದವರೆಲ್ಲ ‘ಭಾಳ ದಪ್ಪ ಆಗೀಯಲ್ಲ’ ಅಂದರು. ಎರಡು ತಿಂಗಳಿಂದ ರೊಟ್ಟಿ, ಅನ್ನ ಬಿಟ್ಟಿದ್ದೇನೆ. ಹಗಲೆಲ್ಲ ತಡೆಯುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶೇಂಗಾ ಉಂಡಿ ಡಬ್ಬಿಗೆ ಕೈ ಹೋಗುತ್ತದೆ, ನಿಲ್ಲುವುದೇ ಇಲ್ಲ. ಮರುದಿನ ಮತ್ತೆ ಉಪವಾಸ. ನನಗೇಕೆ ಮನಸ್ಸಿನ ಮೇಲೆ ಹಿಡಿತವಿಲ್ಲ? ಪಂಚಮಿ ಬೇರೆ ಹತ್ತಿರ ಬಂತು.
– ಒಬ್ಬ ಓದುಗಿ, ಚಿಕ್ಕನರಗುಂದ

ಉತ್ತರ: ತಂಗಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಬರಿಹೊಟ್ಟೆಯಲ್ಲಿ ಬಸ್ ಹತ್ತುವವಳಿಗೆ ಹಿಡಿತವಿಲ್ಲ ಎಂದು ಯಾರು ಹೇಳಿದರು? ಇರುವುದೇ ಹೆಚ್ಚಾಯಿತು. ರಾತ್ರಿ ಡಬ್ಬಿಯ ಮುಚ್ಚಳ ತೆಗೆಸುವುದು ಹಗಲಿನ ಹಸಿವು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತು ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ‘ಡಯಟ್ ಚಾರ್ಟ್’ಗಳು ಅದಕ್ಕಿಂತ ಕಡಿಮೆ ಹೇಳುತ್ತವೆ! ಆ ಹುಡುಗರಿಗೆ ಊಟದ ಹೊರತು ಬೇರೆ ಮಾತೇ ಇಲ್ಲದಾಯಿತು. ಅಡುಗೆ ಪುಸ್ತಕ ಕೂಡಿಟ್ಟರು, ತಾಟು ನೆಕ್ಕಿದರು, ಸಣ್ಣ ಮಾತಿಗೆ ಸಿಡುಕಿದರು. ಕಟ್ಟು ಸಡಿಲಿಸಿದ ಮೇಲೆ ಹೊಟ್ಟೆ ಬಿರಿಯುವಷ್ಟು ಉಂಡರೂ ಕೆಲವರಿಗೆ ತೃಪ್ತಿ ಆಗಲಿಲ್ಲ. ಪ್ರಯೋಗಕ್ಕೆ ಮೊದಲು ಅವರಲ್ಲಿ ಯಾರೂ ಹೊಟ್ಟೆಬಾಕರಾಗಿರಲಿಲ್ಲ. ಮೈ ಬರ ಬಂತೆಂದು ತಿಳಿಯುತ್ತದೆ, ಸಿಕ್ಕಾಗ ಕೂಡಿಟ್ಟುಕೊಳ್ಳುತ್ತದೆ. ಮಳೆ ನೋಡಿ ಬದುಕಿದ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ನಮ್ಮಲ್ಲೂ ಉಪವಾಸವಿದೆ, ಶ್ರಾವಣ ಸೋಮವಾರದ ಒಪ್ಪತ್ತು ಇದೆ. ಆದರೆ ಒಪ್ಪತ್ತಿಗೆ ಒಂದು ಕೊನೆಯಿದೆ: ಪೂಜೆ ಆದ ಮೇಲೆ ಎಲೆ ಹಾಕುತ್ತಾರೆ, ಎಲ್ಲರೂ ಕೂತು ಉಣ್ಣುತ್ತಾರೆ, ಯಾರಿಗೂ ತಪ್ಪು ಮಾಡಿದ ಭಾವ ಇರುವುದಿಲ್ಲ. ನಿಮ್ಮ ಉಪವಾಸ ಕೊನೆಯಾಗುವುದು ಕತ್ತಲಲ್ಲಿ, ಒಬ್ಬಳೇ ನಿಂತು, ಡಬ್ಬಿ ಸಪ್ಪಳ ಆದೀತೆಂಬ ಅಂಜಿಕೆಯಲ್ಲಿ. ನನಗೆ ಚಿಂತೆ ಎನಿಸಿದ್ದು ಉಂಡಿಯ ಲೆಕ್ಕಕ್ಕಿಂತ ಆ ಅಂಜಿಕೆ.

ಇನ್ನು ರೊಟ್ಟಿ ಮಾಡಿದ ಅಪರಾಧವಾದರೂ ಏನು? 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು. ಜೊತೆಗೆ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿ ಹಿಂಡಿ, ಮೊಸರು. ಎರೆಹೊಲದ ಬಿಳಿಜೋಳ ಉಂಡು ಬೆಳೆದ ಮನೆಯಲ್ಲಿ ಮೊದಲು ಬಿಡಬೇಕಾದದ್ದು ಅದೇ ಎಂದು ಯಾರೋ ಹೇಳಿಕೊಟ್ಟಿದ್ದಾರಲ್ಲ, ನನಗೆ ಸಿಟ್ಟೇ ಬರುತ್ತದೆ. ನಾಳೆ ಮುಂಜಾನೆ ರೊಟ್ಟಿ-ಪಲ್ಯ ಉಂಡು ಬಸ್ ಹತ್ತಿ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಳ್ಳಿ. ರಾತ್ರಿ ಎಲ್ಲರ ಜೊತೆ ಕೂತು ಉಣ್ಣಿ. ಒಂದು ರಾತ್ರಿ ಡಬ್ಬಿಗೆ ಕೈ ಹೋದರೂ ಮರುದಿನದ ಮುಂಜಾನೆಯ ರೊಟ್ಟಿ ತಪ್ಪಿಸಬೇಡಿ. ಸುತ್ತು ಕಡಿಯುವುದು ಅಲ್ಲಿಯೇ. ನಾಲ್ಕು ದಿನದಲ್ಲಿ ಆಗುವ ಕೆಲಸವಲ್ಲ, ವಾರಗಳು ಬೇಕು.

ಅತ್ತ ನಮ್ಮ ಮಂದಿಯ ಬಾಯಿಯ ಸಂಗತಿ. ಊರಿಗೆ ಬಂದವರನ್ನು ಮಾತಾಡಿಸುವ ಮೊದಲ ಮಾತೇ ಮೈಯದು. ‘ಸೊರಗೀಯಲ್ಲ’ ಎಂದರೆ ಅಕ್ಕರೆ, ‘ದಪ್ಪ ಆಗೀಯಲ್ಲ’ ಎಂದರೆ ಚೇಷ್ಟೆ. ಹೇಳಿದವರು ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಮರೆತಿರುತ್ತಾರೆ, ಕೇಳಿದ ಹುಡುಗಿ ಎರಡು ತಿಂಗಳು ಉಪವಾಸ ಬೀಳುತ್ತಾಳೆ. ಅದೇ ಮಂದಿ ಪಂಕ್ತಿಯಲ್ಲಿ ‘ಇನ್ನೊಂದ ಹಾಕ್ಕೋರಿ’ ಎಂದು ಬೇಡವೆಂದರೂ ಬಡಿಸುತ್ತಾರೆ. ಎರಡಕ್ಕೂ ಒಂದೇ ಉತ್ತರ ಸಾಕು: ‘ಸಾಕ್ರಿ.’ ನಗುತ್ತಲೇ ಅನ್ನಿ.

ಒಂದು ಮಾತು ಮಾತ್ರ ಗಂಭೀರವಾಗಿ. ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು, ಮುಟ್ಟು ನಿಂತುಹೋಗುವುದು, ತಲೆ ತಿರುಗಿ ಬೀಳುವುದು ಇದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಇದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ, ಹಟಮಾರಿತನವಲ್ಲ. ಮನೆಯಲ್ಲಿ ಹೇಳಲು ನಾಚಿಕೆಯಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪಂಚಮಿಗೆ ಬರೋಣ. ಹಾಲೆರೆಯುವ ಮೊದಲೇ ರೊಟ್ಟಿ ಹಬ್ಬ. ಸಜ್ಜಿ ರೊಟ್ಟಿ, ಕಾಳುಪಲ್ಯ, ಹಿಂಡಿ ಮನೆಯಿಂದ ಮನೆಗೆ ಹೋಗಿ ಬರುತ್ತವೆ. ಈ ಸಲ ಅದನ್ನು ಕೊಟ್ಟು ಬರುವ ಕೆಲಸ ನೀವೇ ಹಿಡಿಯಿರಿ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಕಟ್ಟುವಾಗ ತಾಯಿಯ ಪಕ್ಕ ಕೂತು, ಬಿಸಿ ಇರುವಾಗಲೇ ಒಂದನ್ನು ಹಾಡಹಗಲೇ, ಎಲ್ಲರೆದುರು ತಿನ್ನಿ. ಆಮೇಲೆ ಜೋಕಾಲಿ ಹತ್ತಿರ ಹೋಗಿ, ಗೆಳತಿಯರು ಕಾಯುತ್ತಿರುತ್ತಾರೆ.