ಏಳನೇ ಕ್ಲಾಸು ಮುಗಿದ ಮೇಲೆ ಮಗಳು ಎಲ್ಲಿಗೆ?



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಘಗಳಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಾವು ಕೇಳುವುದುಂಟು, "ಓದು ಬಿಟ್ಟ ಮಕ್ಕಳು ಇದ್ದಾರಾ?" "ಇಲ್ಲ ಸಿಸ್ಟರ್" ಅಂತಾರೆ. "ಎಷ್ಟನೇ ಕ್ಲಾಸಿಗೆ ನಿಲ್ಸಿದ್ರಿ?" ಅಂದರೆ ಮಾತ್ರ ಉತ್ತರ ಬರುತ್ತದೆ: ಐದು, ಏಳು, ಹತ್ತು. ಮಗು ದಡ್ಡ ಅಂತಲ್ಲ, ಊರಿನ ಶಾಲೆ ಅಲ್ಲಿಗೆ ಮುಗಿಯುತ್ತದೆ.

ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ನಿಲ್ಲುತ್ತದೆ, ಹಿರಿಯ ಪ್ರಾಥಮಿಕ ಎಷ್ಟೋ ಕಡೆ ಏಳಕ್ಕೆ, ಹೈಸ್ಕೂಲು ಹತ್ತಕ್ಕೆ. ಆಮೇಲೆ ಎರಡು ವರ್ಷ ಪಿಯುಸಿ. ಪ್ರತಿ ಸಲ ಟಿ.ಸಿ. ತೆಗೆಯಬೇಕು, ಇನ್ನಷ್ಟು ದೂರ ಹೋಗಬೇಕು. ಮಲೆನಾಡಿನಲ್ಲಿ ದೂರ ಅಂದರೆ ಬರೀ ಕಿಲೋಮೀಟರ್ ಅಲ್ಲ. ಜುಲೈ ಮಳೆ, ತುಂಬಿದ ಹಳ್ಳದ ಮೇಲಿನ ಕಾಲುಸಂಕ, ತಪ್ಪಿದರೆ ಮತ್ತೆ ಸಿಗದ ಬಸ್ಸು. ತುಮರಿ ಕಡೆಯವರಿಗೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಾಟಿ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಸೇತುವೆ ಆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ! ಗಂಡುಹುಡುಗನನ್ನು ಹೇಗೋ ಕಳಿಸುತ್ತಾರೆ, ಹುಡುಗಿಗೆ "ಸಾಕು ಬಿಡು" ಅನ್ನುತ್ತಾರೆ.

ಫಿಲಿಪ್ಪೀನ್ಸ್ ದೇಶವೂ ಮಳೆ, ಬೆಟ್ಟ, ನೀರಿನ ನಡುವಿನ ಊರುಗಳ ದೇಶ. ಬಹುಪಾಲು ಜನ ಕ್ಯಾಥೋಲಿಕರು. ಅಲ್ಲಿ ಮೊದಲು ಶಾಲೆಯೆಂದರೆ ಹತ್ತೇ ವರ್ಷ. ಹೊರದೇಶಗಳಲ್ಲಿ ಆ ಓದಿಗೆ ಬೆಲೆ ಸಾಲದು ಎಂಬುದೂ ಸೇರಿ ಹಲವು ಕಾರಣಕ್ಕೆ 2013ರಲ್ಲಿ ಕಾನೂನು ಮಾಡಿದರು: ಶಿಶುವಿಹಾರ ಒಂದು ವರ್ಷ, ಆಮೇಲೆ ಆರು, ನಾಲ್ಕು, ಎರಡು, ಒಟ್ಟು 13. ಹೆಚ್ಚಿನ ಎರಡು ವರ್ಷದ ಖರ್ಚಿಗೆ ಹೆದರಿ ತಂದೆತಾಯಂದಿರು ವಿರೋಧಿಸಿದ್ದೂ ಉಂಟು. ಅವರ ಚಿಂತೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಶಾಲೆ ಬಿಟ್ಟವರು, ದೊಡ್ಡವರು ಕೂಡ, ತಮ್ಮೂರಿನಲ್ಲೇ ಕಲಿತು ಪರೀಕ್ಷೆ ಬರೆಯುವ ಪರ್ಯಾಯ ಕಲಿಕಾ ವ್ಯವಸ್ಥೆಗೂ 2020ರಲ್ಲಿ ಅಲ್ಲಿ ಪ್ರತ್ಯೇಕ ಕಾನೂನು ಬಂತು.

ನಮ್ಮಲ್ಲೂ ಕಾನೂನಿದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಎಂಟನೇ ಕ್ಲಾಸಿನ ತನಕ ಉಚಿತ, ಕಡ್ಡಾಯ ಎನ್ನುತ್ತದೆ. ಊರಿನ ಶಾಲೆ ಏಳಕ್ಕೇ ಮುಗಿದರೆ ಎಂಟನೆಯದಕ್ಕೆ ದಾರಿ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಎಸ್‌ಡಿಎಂಸಿಯಲ್ಲಿ ಕೇಳಿ, ಗ್ರಾಮಸಭೆಯಲ್ಲಿ ಬರೆಸಿ. ಕಾಲುಸಂಕದ ಜಾಗದಲ್ಲಿ ಕಿರುಸೇತುವೆ ಬೇಕಾದರೆ 'ಶಾಲಾ ಸಂಪರ್ಕ ಸೇತು' ಯೋಜನೆಯ ಹೆಸರು ಹೇಳಿ.

ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಆರರಿಂದ ಹತ್ತರ ತನಕ ಒಂದೇ ಕಡೆ ಓದಬಹುದು. ಪ್ರವೇಶ ಪರೀಕ್ಷೆಗೆ ಮಗು ಐದರಲ್ಲಿರುವಾಗಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ, ಕೊನೇ ದಿನ ಓಡಾಡಬೇಡಿ. ಆಗಲೇ ಬಿಟ್ಟ ಹುಡುಗಿಗೆ 15 ವರ್ಷ ತುಂಬಿದ್ದರೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಅಂಥವರ ಹೆಸರನ್ನು ಮುಂದಿನ ಸಭೆಗೆ ಬರೆದು ತನ್ನಿ.