ಹಳೇ ಜೋಡುನಳಿಗೆ ಕೋವಿ ಅಲುಗುತ್ತಿದೆಯೇ?

ಕೊಡಗಿನ ಮನೆಗಳಲ್ಲಿ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಅಜ್ಜನ ಕಾಲದ ಜೋಡುನಳಿಗೆ ಕೋವಿಯೂ ತೋಕ್‌ಪೂ ಎಂಬ ಹೂ ಮುಡಿದು ಪೂಜೆಗೆ ಸಿದ್ಧವಾಗುತ್ತದೆ. ಒರೆಸಲು ಕೈಗೆತ್ತಿಕೊಂಡಾಗ ಅದರ ಗಟ್ಟಿತನವನ್ನೂ ಒಮ್ಮೆ ನೋಡಿಬಿಡಿ.

ಮೊದಲು ಎರಡೂ ನಳಿಗೆ ಖಾಲಿ ಇವೆಯೆಂದು ಕಣ್ಣಾರೆ ಖಾತ್ರಿ ಮಾಡಿಕೊಳ್ಳಿ. ನಳಿಗೆಯಡಿಯ ಮರದ ಹಿಡಿಕೆ ಕಳಚಿ, ಕೋವಿ ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಹಿಡಿಕೆಯ ಸ್ಪ್ರಿಂಗ್ ಸಡಿಲವನ್ನು ಮರೆಮಾಚುತ್ತದೆ, ಅದಕ್ಕೇ ಕಳಚಬೇಕು. ಟಕಟಕ ಸದ್ದು ಬಂದರೆ, ಅಥವಾ ಬೆಳಕಿಗೆ ಹಿಡಿದಾಗ ನಳಿಗೆಯ ಹಿಂಬದಿಗೂ ಕೋವಿಯ ಒಡಲಿಗೂ ನಡುವೆ ಸಂದು ಕಂಡರೆ, ಕೀಲು ಸವೆದಿದೆ. ಅಂಥದ್ದಕ್ಕೆ ತೋಟಾ ತುಂಬಲೇಬೇಡಿ.

ಕೀಲಿನ ಕೊಕ್ಕೆಗೆ ಡಬ್ಬದ ತಗಡು ಅಂಟಿಸಿ ಬಿಗಿ ಮಾಡುವ ಅಗ್ಗದ ಉಪಾಯ ಕೆಲವರಿಗೆ ಗೊತ್ತು. ಅಲುಗಾಟ ನಿಂತಂತೆ ಕಂಡರೂ ಸವೆತ ಹಾಗೇ ಉಳಿಯುತ್ತದೆ. ಗುಂಡು ಹಾರಿಸುತ್ತಾ ಹೋದಂತೆ ತಗಡು ಜಜ್ಜಿಹೋಗಿ ಕಿತ್ತುಬರುತ್ತದೆ. ಮುಖದ ಪಕ್ಕದಲ್ಲೇ ಸಿಡಿಯುವ ವಸ್ತುವಿಗೆ ಈ ತೇಪೆ ಸಲ್ಲದು. ಕೊಕ್ಕೆಗೆ ಲೋಹ ತುಂಬುವುದು, ಪಿನ್ ಬದಲಿಸುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಉದ್ಯೋಗಕ್ಕೂ ಲೈಸೆನ್ಸ್ ಬೇಕು. ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ಖರ್ಚಿಲ್ಲದೆ ನೀವೇ ಮಾಡಬಹುದಾದದ್ದೂ ಇದೆ. ಗಟ್ಟಿಯಾದ ಹಳೇ ಎಣ್ಣೆ ಒರೆಸಿ, ಕೀಲಿಗೆ ತುಸು ಗ್ರೀಸ್ ಹಚ್ಚಿ. ಕೋವಿಯನ್ನು ಧಡಾರನೆ ಮುಚ್ಚಬೇಡಿ. ಇನ್ನೊಂದು ಮಾತು: ಹಳೇ ಕೋವಿಗಳಲ್ಲಿ ತೋಟಾ ಕೂರುವ ಜಾಗ ಎಷ್ಟೋ ಬಾರಿ 65 ಮಿ.ಮೀ. ಇರುತ್ತದೆ. ಈಗಿನ 70 ಮಿ.ಮೀ. ತೋಟಾ ಅದರೊಳಗೆ ಕೂತರೂ ಸಿಡಿದಾಗ ಒತ್ತಡ ಮಿತಿಮೀರಬಹುದು. ರಿಪೇರಿಯವರಿಂದ ಅಳತೆ ತೆಗೆಸಿಯೇ ತೋಟಾ ಕೊಳ್ಳಿ.